ತಿರುಗದ ಕುತ್ತಿಗೆ, ತಿರುಗದ ಕುರ್ಚಿ

ಈ ಕಾಯಿಲೆಗೆ ನಾವು ತೆತ್ತ ಬೆಲೆ ಒಂದು ಗಂಟಲು. ದುಡ್ಡಿನ ಮಾತು ಇಲ್ಲಿ ಎತ್ತುವುದಿಲ್ಲ. ದುಡ್ಡು ಎಲ್ಲರದ್ದೂ ಹೋಗುತ್ತದೆ, ನಮ್ಮದೂ ಹೋಯಿತು, ಕೈಕಾಲು ಗಟ್ಟಿ ಇದ್ದರೆ ಮತ್ತೆ ಬರುತ್ತದೆ. ನನ್ನ ಯಜಮಾನರು ಪುಟ್ಟಸ್ವಾಮಿಯವರ ಗಂಟಲು ಮತ್ತೆ ಬರುವುದಿಲ್ಲ. ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಗಂಟಲು ಅದು. ಲಾರಿಗಳ ಹಾರನ್ ಮೀರಿ ಕೇಳುತ್ತಿತ್ತು. ಅದು ಏಕೆ ಹೋಯಿತೆಂದರೆ, ನಾವು ತಡ ಮಾಡಿದೆವು. ಏಕೆ ತಡ ಮಾಡಿದೆವೆಂದರೆ, ಮಂಡಿಯಲ್ಲಿ ಗಂಟಲು ಒಡೆಯದ ಮನುಷ್ಯನೇ ಇಲ್ಲ.

ಇದು ಮೊದಲ ಬೆಲೆ. ಎರಡನೆಯದೊಂದಿದೆ, ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆಪರೇಷನ್ ಆದ ಮೇಲೆ ಹೊಸದಾಗಿ ಮಾತು ಕಲಿಯಬೇಕಾಗಿದ್ದ ಮನುಷ್ಯ ವಾರಗಟ್ಟಲೆ ಬಾಯಿ ಮುಚ್ಚಿ ಕೂತುಬಿಟ್ಟರು. ಅದಕ್ಕೆ ಕಾರಣ ಕುರ್ಚಿ.

ನಗಬೇಡಿ. ಹೌದು, ಕುರ್ಚಿ. ಆಸ್ಪತ್ರೆಯ ಹಾಲ್‌ನಲ್ಲಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸ್ಟೀಲ್ ಕುರ್ಚಿ.

ಮೊದಲಿನಿಂದ ಹೇಳುತ್ತೇನೆ. ನಾವು ಚಾಮರಾಜಪೇಟೆಯವರು. ಯಜಮಾನರು ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ನಾನು ಅಲ್ಲಿಂದಲೇ ಮಾಲು ಎತ್ತಿ ಬಸವನಗುಡಿ, ಎನ್.ಆರ್. ಕಾಲೋನಿ ಕಡೆಯ ಹೋಟೆಲುಗಳಿಗೂ ಛತ್ರಗಳಿಗೂ ತರಕಾರಿ ಹಾಕುತ್ತೇನೆ. ಫುಟ್‌ಪಾತಿನಲ್ಲಿ ಸೊಪ್ಪು ಮಾರಿ ಶುರು ಮಾಡಿದವಳು ನಾನು. ಗಂಡ ಕೂಗಿದ ಬೆಲೆಯನ್ನೇ ಚೌಕಾಶಿ ಮಾಡಿ ಇಳಿಸಿದ ಹೆಂಗಸು ಎಂದು ಮಂಡಿಯವರು ಈಗಲೂ ತಮಾಷೆ ಮಾಡುತ್ತಾರೆ. ಸುಳ್ಳಲ್ಲ.

ಅವರ ಗಂಟಲು ಮೊದಲು ಒರಟಾಯಿತು. ಬೀನ್ಸಿನ ಮೂಟೆ ಎಳೆದ ಹಾಗೆ ಒಂದು ಶಬ್ದ ಮಾತಿನ ಅಡಿಯಲ್ಲಿ. ಬೇರೆ ಕೆಲಸದವರಾಗಿದ್ದರೆ, ಮೇಷ್ಟ್ರೋ ಗುಮಾಸ್ತರೋ ಆಗಿದ್ದರೆ, ಎರಡು ವಾರಕ್ಕೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ನಮ್ಮ ಕಡೆ ಹಾಗಲ್ಲ. ಮಂಡಿಯಲ್ಲಿ ಒಡೆದ ಗಂಟಲು ಅಂದರೆ ಸೀನಿಯಾರಿಟಿ.

"ಸ್ವಾಮಣ್ಣಂಗೆ ಈಗ್ ನೋಡಪ್ಪ ಸರಿಯಾದ್ ಕಂಠ ಬಂತು. ಇಷ್ಟ್ ದಿನ ಹರಿಕತೆ ದಾಸರ ಥರ ಇತ್ತು!" ಎಂದು ಪಕ್ಕದ ಅಂಗಡಿಯವರು ನಕ್ಕರು. ಇವರೂ ನಕ್ಕರು. ನಾನೂ.

ಜ್ಯೇಷ್ಠಮಧು ಕೊಟ್ಟೆ. ಮೆಣಸಿನ ಕಷಾಯ ಮಾಡಿದೆ. ರಾತ್ರಿ ಹಾಲಿಗೆ ಅರಿಶಿನ. ಹಬ್ಬಕ್ಕೆ ಮಂಡಿಗೆ ರಜೆ ಬಂದಾಗ ಧ್ವನಿ ಸ್ವಲ್ಪ ತಿಳಿಯಾಯಿತು, ನೋಡಿದಿರಾ ಕೂಗಿದ್ದಕ್ಕೇ ಹೀಗೆ ಎಂದು ನಾನೇ ತೀರ್ಪು ಕೊಟ್ಟೆ. ಬೀದಿಯ ಕ್ಲಿನಿಕ್ಕಿನವರು ಆಂಟಿಬಯಾಟಿಕ್ ಬರೆದರು. ಆಮೇಲೆ ಒಂದು ಕಡೆಯ ಕಿವಿ ನೋಯಲು ಶುರುವಾಯಿತು. ಕಿವಿಗೂ ಗಂಟಲಿಗೂ ಸಂಬಂಧವಿದೆ ಎಂದು ಯಾರಿಗೆ ಗೊತ್ತಿತ್ತು? ಕಿವಿಗೆ ಡ್ರಾಪ್ಸ್ ಹಾಕಿದೆವು. ಅನ್ನ ನುಂಗುವಾಗ ಕಣ್ಣಲ್ಲಿ ನೀರು ಬರತೊಡಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದೆವು.

ಇಎನ್‌ಟಿ ಡಾಕ್ಟರು ಮೂಗಿನಿಂದ ಸ್ಕೋಪ್ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

"ಧ್ವನಿ ಯಾವಾಗಿಂದ ಹೀಗಿದೆ?"

"ನಮ್ ಕಡೆ ಎಲ್ರುದ್ದೂ ಹೀಗೇ ಡಾಕ್ಟ್ರೇ," ಎಂದೆ.

ಅವರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. "ಬೀಡಿ?" ಎಂದರು. ಯಜಮಾನರು ತಲೆ ತಗ್ಗಿಸಿದರು.

ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟರು ಮಾತು ಸುತ್ತಲಿಲ್ಲ. "ವಾಯ್ಸ್ ಬಾಕ್ಸ್ ತೆಗೀಬೇಕಾಗುತ್ತಮ್ಮ. ಪೂರ್ತಿ."

ಪೂರ್ತಿ.

ಇಡೀ ಜನ್ಮ ಚೌಕಾಶಿ ಮಾಡಿದವಳ ಬಾಯಿಂದ ತಾನಾಗಿ ಬಂತು: "ಅರ್ಧನಾದ್ರೂ ಉಳಿಸೋಕಾಗಲ್ವಾ ಡಾಕ್ಟ್ರೇ?"

"ಮೊದ್ಲೇ ಬಂದಿದ್ರೆ ಅರ್ಧದ ಮಾತಾಡ್ಬಹುದಿತ್ತು. ಈಗ ಜೀವದ ಮಾತಾಡೋಣ."

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಆಪರೇಷನ್ ಚೆನ್ನಾಗಿ ಮಾಡಿದರು, ಜೀವ ಉಳಿಸಿಕೊಟ್ಟರು. ಗಂಟಲ ಕೆಳಗೆ, ಎರಡು ಮೂಳೆ ಕೂಡುವ ಜಾಗದ ಮೇಲೆ, ಒಂದು ತೂತು. ಇನ್ನು ಮುಂದೆ ಉಸಿರು ಅಲ್ಲಿಂದಲೇ. ಕೆಮ್ಮು ಅಲ್ಲಿಂದಲೇ, ಕಫವೂ ಅಲ್ಲಿಂದಲೇ. ತೂತಿನ ಮೇಲೆ ಇಳಿಬಿಟ್ಟ ಸಣ್ಣ ಬಿಳಿ ಬಟ್ಟೆ ಪ್ರತಿ ಉಸಿರಿಗೂ ಏಳುತ್ತದೆ, ಬೀಳುತ್ತದೆ. ಒಳಗೆ ಒಂದು ಸಣ್ಣ ವಾಲ್ವ್ ಇಟ್ಟಿದ್ದಾರೆ. ಹೆಬ್ಬೆರಳಿನಿಂದ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ಆ ವಾಲ್ವ್ ದಾಟಿ ಬಾಯಿಗೆ ಬಂದು ಧ್ವನಿಯಾಗುತ್ತದೆ. ಹಳೆಯ ಧ್ವನಿಯಲ್ಲ. ತಗ್ಗಿದ, ಗೊರಗೊರ ಎನ್ನುವ ಧ್ವನಿ. ಎದುರಿನವರು ತುಟಿ ನೋಡುತ್ತಾ ಕೇಳಿದರೆ ಚೆನ್ನಾಗಿ ತಿಳಿಯುತ್ತದೆ.

ಆಮೇಲೆ ರೇಡಿಯೇಷನ್. ಅದು ಕುತ್ತಿಗೆಯನ್ನು ಹಲಗೆ ಮಾಡಿತು. ಪಕ್ಕಕ್ಕೆ ನೋಡಬೇಕಾದರೆ ಇವರು ಸೊಂಟದಿಂದಲೇ ಇಡೀ ಮೈ ತಿರುಗಿಸಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಕುರ್ಚಿಯ ವಿಷಯಕ್ಕೆ ಇದೇ ಮುಖ್ಯ.

ಸ್ಪೀಚ್ ಥೆರಪಿ ಮಾಡಿಸುತ್ತಿದ್ದದ್ದು ದೀಪಾ ಎಂಬ ಹುಡುಗಿ. ಒಳ್ಳೆಯವಳು, ಸೋಮಾರಿತನ ಸಹಿಸುವವಳಲ್ಲ. ಮೊದಲ ವಾರ "ಆ" ಮಾತ್ರ. ಆಮೇಲೊಂದು ದಿನ ಇವರು ಹೆಬ್ಬೆರಳು ಒತ್ತಿ, ಮುಖವೆಲ್ಲ ಕೆಂಪು ಮಾಡಿಕೊಂಡು, "ಜಯ" ಎಂದರು. ನನ್ನ ಹೆಸರು. ನಾನು ಥೆರಪಿ ರೂಮಿನ ಗೋಡೆ ಕಡೆ ತಿರುಗಿ ನಿಂತೆ.

"ಅಳೋದ್ ಆಮೇಲೆ ಆಂಟಿ," ಎಂದಳು ದೀಪಾ. "ಮನೇಲಿ ನಿಮ್ ಹತ್ರ ಮಾತಾಡಿದ್ರೆ ಸಾಲಲ್ಲ. ಅಂಕಲ್ ಹುಬ್ಬು ಎತ್ತಿದ್ರೇ ನಿಮ್ಗೆ ಅರ್ಥ ಆಗುತ್ತೆ. ಗೊತ್ತಿಲ್ದೋರ ಹತ್ರ ಮಾತಾಡ್ಬೇಕು. ಆಗ್ಲೇ ಧ್ವನಿ ಗಟ್ಟಿಯಾಗೋದು. ಹೊರಗೆ ಹಾಲ್‌ನಲ್ಲಿ ಅಷ್ಟು ಜನ ಕಾಯ್ತಾ ಕೂತಿರ್ತಾರಲ್ಲ? ದಿನಾ ಒಬ್ರನ್ನ ಮಾತಾಡ್ಸಿ. ಈಗ ಅಭ್ಯಾಸ ಬಿಟ್ರೆ ಮುಂದೆ ಕಷ್ಟ ಆಗುತ್ತೆ."

ಅಷ್ಟೇ ತಾನೇ ಎಂದುಕೊಂಡೆ. ಇಡೀ ಮಂಡಿಯನ್ನು ಮಾತಾಡಿಸಿದ ಮನುಷ್ಯ ಇವರು.

ಆ ಹಾಲ್ ಹೇಗಿದೆ ಹೇಳುತ್ತೇನೆ. ತೂತು ತೂತಿನ ಸ್ಟೀಲ್ ಕುರ್ಚಿಗಳು, ಮೂರು ಮೂರು ಸೇರಿಸಿ ಒಂದೇ ಕಂಬಿಗೆ ಜೋಡಿಸಿದ್ದು. ಪ್ರತಿ ಸೀಟಿನ ನಡುವೆ ಕಬ್ಬಿಣದ ಕೈ. ಎಲ್ಲವೂ ಸಾಲಾಗಿ ಒಂದೇ ದಿಕ್ಕಿಗೆ, ಟೋಕನ್ ನಂಬರ್ ತೋರಿಸುವ ಬೋರ್ಡಿನ ಕಡೆಗೆ. ಅಷ್ಟೂ ಜನ, ಅಷ್ಟೂ ಕಾಯಿಲೆ, ಎಲ್ಲರೂ ಮುಂದಿನವರ ತಲೆಯ ಹಿಂಭಾಗ ನೋಡುತ್ತಾ ಕೂತಿರುತ್ತಾರೆ. ಪಕ್ಕದವರ ಭುಜ ತಾಗುವಷ್ಟು ಹತ್ತಿರ, ಮುಖ ಮಾತ್ರ ಕಾಣದು. ಇಂಥ ಹತ್ತಿರ ಇರುವುದಕ್ಕಿಂತ ದೂರವೇ ವಾಸಿ.

ಇವರು ಮೊದಲ ದಿನ ಪಕ್ಕದಲ್ಲಿದ್ದವರನ್ನು ಮಾತಾಡಿಸಲು ಹೋದರು. ಕುತ್ತಿಗೆ ತಿರುಗುವುದಿಲ್ಲ; ಮೈ ತಿರುಗಿಸಿದರು. ಕುರ್ಚಿಯ ಕೈ ಪಕ್ಕೆಗೆ ಒತ್ತಿತು. ಹಾಗೇ ಸ್ವಲ್ಪ ಓರೆಯಾಗಿ ಕೂತು, ಬಲಗೈ ಎತ್ತಿ ಹೆಬ್ಬೆರಳು ಕುತ್ತಿಗೆಗಿಟ್ಟರು. ಹೆಬ್ಬೆರಳು ಅಲ್ಲಿಗೆ ಹೋಗಬೇಕಾದರೆ ಮೊಣಕೈ ಹೊರಕ್ಕೆ ಬರಲೇಬೇಕು. ಬಂತು. ಪಕ್ಕದವರ ಎದೆಗೆ ತಗುಲಿತು.

"ಏನ್ರೀ, ಸರಿಯಾಗ್ ಕೂತ್ಕೊಳ್ಳೋಕಾಗಲ್ವಾ?"

ಇವರು ಗಾಬರಿಯಾಗಿ ಬೆರಳು ತೆಗೆದರು. ಕೆಮ್ಮು ಬಂತು. ಕಫ ಬಟ್ಟೆಯ ಕೆಳಗಿನಿಂದ ಹಾರಿತು. ಆ ಮನುಷ್ಯ ಎದ್ದು, ಅಂಗಿ ಒರೆಸಿಕೊಳ್ಳುತ್ತಾ, ಕೊನೆಯ ಸಾಲಿಗೆ ಹೋಗಿ ನಿಂತರು. ಕೂರಲಿಲ್ಲ, ನಿಂತರು.

ಆ ಸೀಟು ಖಾಲಿಯೇ ಉಳಿಯಿತು.

ನಾನು ಜಗಳಕ್ಕೆ ಎದ್ದೆ. ಇವರು ನನ್ನ ಸೆರಗು ಹಿಡಿದು ಕೂರಿಸಿದರು. ಆಮೇಲೆ ಥೆರಪಿಗೆ ಒಳಗೆ ಹೋದಾಗ ಬಾಯಿ ತೆರೆಯಲಿಲ್ಲ. ದೀಪಾ ಏನು ಮಾಡಿದರೂ ಇಲ್ಲ. ಮನೆಗೆ ಬಂದು ಕೈಸನ್ನೆ ಮಾಡಿದರು. ಮಂಡಿಯಲ್ಲಿ ಹರಾಜು ಮುಗಿಯಿತು ಎನ್ನಲು ಅಂಗೈ ಅಡ್ಡ ಬೀಸುತ್ತಾರೆ. ಅದೇ ಸನ್ನೆ.

ನನಗೆ ಮೈಯೆಲ್ಲ ಉರಿಯಿತು. ಇವರ ಮೇಲಲ್ಲ. ಅಂಗಿ ಒರೆಸಿಕೊಂಡ ಮನುಷ್ಯನ ಮೇಲೂ ಅಲ್ಲ. ಅವರೂ ಪೇಷಂಟೇ, ಎದೆಯ ಮೇಲೆ ಅವರದೇ ಬ್ಯಾಂಡೇಜ್ ಇತ್ತೋ ಏನೋ. ಇಬ್ಬರು ರೋಗಿಗಳನ್ನು ಒಬ್ಬರ ಮೈಮೇಲೊಬ್ಬರು ಕೂರಿಸಿ, ಮುಖ ಮಾತ್ರ ತಪ್ಪಿಸಿ ಇಟ್ಟವರ ಮೇಲೆ ಸಿಟ್ಟು. ಲಿಫ್ಟು, ಗ್ಲಾಸು, ಗ್ರಾನೈಟು ಎಲ್ಲಕ್ಕೂ ತಲೆ ಓಡಿಸಿದವರಿಗೆ, ಇಲ್ಲಿ ಕೂರುವವರಿಗೆ ಕುತ್ತಿಗೆ ಇದೆ, ಮೊಣಕೈ ಇದೆ, ಭಯ ಇದೆ ಎಂಬುದು ಹೊಳೆಯಲಿಲ್ಲವೇ?

ಮಾರನೆಯ ವಾರ ಅಡ್ಮಿನಿಸ್ಟ್ರೇಟರ್ ಆಫೀಸಿಗೆ ಹೋದೆ. ನುಣ್ಣಗೆ ತಲೆ ಬಾಚಿದ, ಮೆಲ್ಲಗೆ ಮಾತಾಡುವ ಮನುಷ್ಯ. ಒಂದು ಮೂಲೆಯ ಸೋಫಾದಲ್ಲಿ ಕೂರಿಸಿ ನೀರು ಕೊಡಿಸಿದರು. ನನ್ನ ವ್ಯಾಪಾರದಲ್ಲಿ ಮೊದಲು ಜಾಸ್ತಿ ಕೇಳಬೇಕು. ಕೇಳಿದೆ.

"ಎಲ್ಲಾ ಕುರ್ಚಿ ಕಿತ್ತಾಕಿ ಸಾರ್. ಮರದ ಬೆಂಚ್ ಹಾಕ್ಸಿ."

"ಮೇಡಂ, ಬೆಂಚ್ ಹಾಕಿದ್ರೆ ಜನ ಮಲಗ್ಬಿಡ್ತಾರೆ. ಅದಕ್ಕೇ ಮಧ್ಯ ಕೈ ಇರೋದು."

"ಆಸ್ಪತ್ರೇಲಿ ಕಾಯಿಲೆಯೋರು ಮಲಗ್ದೆ ಇನ್ನೇನ್ ಸಾರ್, ಕುಣೀಬೇಕಾ?"

"ಸ್ಟ್ರೆಚರ್‌ಗೆ ದಾರಿ ಬೇಕು. ಕುರ್ಚಿ ಲೂಸ್ ಬಿಟ್ರೆ ಎಲ್ರೂ ಅವರವರಿಗೆ ಬೇಕಾದಂಗೆ ಎಳ್ಕೋತಾರೆ. ಒಂದು ಶಿಸ್ತು ಇರಲ್ಲ."

ಸ್ಟ್ರೆಚರ್ ಮಾತು ನ್ಯಾಯವಾದದ್ದು. ಅದನ್ನು ಒಪ್ಪಿದೆ. ಉಳಿದದ್ದಕ್ಕೆ ಎಳೆದಾಡಿದೆ. ಹಾಲ್ ಪೂರ್ತಿಯಿಂದ ಅರ್ಧಕ್ಕೆ ಬಂದೆ, ಅರ್ಧದಿಂದ ಎರಡು ಸಾಲಿಗೆ, ಕೊನೆಗೆ ಕಂಬದ ಹತ್ತಿರ ದಾರಿಗೆ ಅಡ್ಡ ಬರದ ಒಂದೇ ಒಂದು ಮೂರು ಸೀಟಿನ ಕುರ್ಚಿಗೆ.

"ಒಂದೇ ಒಂದ್ ಸಾರ್. ಬೋಲ್ಟ್ ಬಿಚ್ಚಿ ಹಿಂದ್ಗಡೆ ಕುರ್ಚಿಗೆ ಎದುರಾಗಿ ತಿರುಗ್ಸಿ. ನಮ್ಮೆಜಮಾನ್ರು ಒಬ್ರ ಮುಖ ನೋಡಿ ಮಾತಾಡ್ಲಿ. ಆಗ್ದಿದ್ರೆ ನಾಳೆಯಿಂದ ನಾನೇ ಇಲ್ಲಿ ನೆಲದ ಮೇಲೆ ಚಾಪೆ ಹಾಕ್ಕೊಂಡು ಕೂತ್ಕೋತೀನಿ."

ತಿರುಗಿಸಿದರು. ನಾನು ಗೆದ್ದೆ ಎಂದುಕೊಂಡೆ.

ಇವರನ್ನು ಬೇಡಿಕೊಂಡು ಕರೆತಂದೆ. ಎದುರು ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು, ಮಗಳ ಜೊತೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಸಮೀಪ, ಮುಖಕ್ಕೆ ಮುಖ. ನೋಡಿದರೆ ಏನಾಯಿತು? ಆ ಅಜ್ಜಿಗೆ ಕಣ್ಣು ಹಾಯಿಸಲು ಬೇರೆ ಜಾಗವೇ ಇಲ್ಲ. ಇವರ ಕುತ್ತಿಗೆಯ ಬಟ್ಟೆ ಏಳುವುದು, ಬೀಳುವುದು, ಅದನ್ನೇ ನೋಡತೊಡಗಿದರು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಮಗಳು ಮೆತ್ತಗೆ, "ಅಮ್ಮ, ಅಲ್ ನೋಡ್ಬೇಡ," ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

ಯಜಮಾನರು ಹೆಗಲ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಎದ್ದರು. ಟವೆಲ್ ಸುತ್ತಿದರೆ ಉಸಿರು ಕಟ್ಟುತ್ತದೆ. ಆದರೂ ಸುತ್ತಿಕೊಂಡರು. ಥೆರಪಿ ರೂಮಿನ ಬಾಗಿಲು ದಾಟಿ, ಗೇಟು ದಾಟಿ, ಬಸ್ ಸ್ಟಾಪಿಗೆ ಹೋಗಿ ನಿಂತರು.

ನಾನು ಹಿಂದೆ ಓಡಿದೆ. ಹೆಬ್ಬೆರಳು ಕುತ್ತಿಗೆಗೆ ಹೋಗಲಿಲ್ಲ, ತುಟಿಯಲ್ಲೇ ಹೇಳಿದರು. ಧ್ವನಿಯಿಲ್ಲದೆ, ಬಿಡಿಬಿಡಿಯಾಗಿ. "ಸಾಕು ಜಯ. ಇನ್ ಬರಲ್ಲ."

ವ್ಯಾಪಾರಕ್ಕೆ ಎದುರು ಬದುರು ಕೂರಬೇಕು. ಎದುರಿನವರ ಕಣ್ಣು ಎಲ್ಲಿ ಅಳುಕುತ್ತದೆ ಎಂದು ನೋಡಿ ಬೆಲೆ ಹೇಳಬೇಕು. ಜೀವಮಾನವಿಡೀ ಹಾಗೇ ಕೂತವಳು ನಾನು, ಗಂಡನನ್ನೂ ಹಾಗೇ ಕೂರಿಸಿದೆ. ಕಾಯಿಲೆಯಾದವರನ್ನು ಹಾಗೆ ಕೂರಿಸಿದರೆ ಅವರು ಸ್ಟೇಷನ್ನಿನಲ್ಲಿ ವಿಚಾರಣೆಗೆ ಕೂತಂತಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಬಸ್ ಬಂತು. ಮಾರ್ಕೆಟ್ ಕಡೆಯದು. ನಿಲ್ಲಲೂ ಜಾಗವಿಲ್ಲ. ಡ್ರೈವರ್ ಹಿಂದೆ, ಕಿಟಕಿಗೆ ಬೆನ್ನು ಕೊಟ್ಟು ಕೂರುವ ಉದ್ದ ಸೀಟಿನಲ್ಲಿ ಎರಡು ಜಾಗ ಸಿಕ್ಕಿತು. ಇವರನ್ನು ತುದಿಗೆ ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಕಂಡಕ್ಟರ್ ದೂರದಿಂದಲೇ ಕೂಗಿದ.

"ಲೇಡೀಸ್ ಸೀಟು ಯಜಮಾನ್ರೇ, ಏಳಿ ಮೇಲೆ!"

"ಪೇಷಂಟಪ್ಪಾ. ಎಬ್ಬಿಸ್ತೀನಿ ಅಂದ್ರೆ ನಿನ್ ಸೀಟ್ ಕೊಡು," ಎಂದೆ. ಆ ಕಡೆ ತಿರುಗಿ ಟಿಕೆಟ್ ಹರಿಯತೊಡಗಿದ.

ಉದ್ದ ಸೀಟಿನ ತುದಿಗೆ ಹೊಂದಿಕೊಂಡಂತೆ, ಮುಂದಕ್ಕೆ ಮುಖ ಮಾಡಿದ ಮೊದಲನೇ ಸೀಟು. ಅಲ್ಲಿ ಒಬ್ಬ ಹೂವಿನ ಹೆಂಗಸು, ತೊಡೆಯ ಮೇಲೆ ಖಾಲಿ ಬುಟ್ಟಿ. ಅವರ ಮೊಣಕಾಲೂ ಇವರ ಮೊಣಕಾಲೂ ಸೇರಿ ಒಂದು ಮೂಲೆಯಾಗಿತ್ತು. ಆಕೆ ಮುಂದಕ್ಕೆ ನೋಡಿದರೆ ರಸ್ತೆ. ಕಣ್ಣು ಸ್ವಲ್ಪ ಹೊರಳಿಸಿದರೆ ಇವರ ಮುಖ. ಇವರಿಗೂ ಹಾಗೆಯೇ. ಯಾರೂ ಯಾರನ್ನೂ ನೋಡಲೇಬೇಕೆಂದಿಲ್ಲ. ನೋಡಬೇಕೆನಿಸಿದರೆ ಕುತ್ತಿಗೆ ತಿರುಗಿಸಬೇಕಾಗಿಲ್ಲ.

ಸ್ವಲ್ಪ ದೂರ ಆಕೆ ರಸ್ತೆ ನೋಡುತ್ತಿದ್ದರು. ಸಿಗ್ನಲ್ಲಿನಲ್ಲಿ ಬಸ್ ನಿಂತು ಇಂಜಿನ್ ಸದ್ದು ಅಡಗಿದಾಗ, ರಸ್ತೆಯ ಮೇಲಿನ ಕಣ್ಣು ತೆಗೆಯದೆಯೇ ಕೇಳಿದರು.

"ಏನಣ್ಣ, ಗಂಟ್ಲಿಗೇನಾಯ್ತು?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮೊಣಕೈ ನನ್ನ ಪಕ್ಕೆಗೆ ತಗುಲಿತು. ಟವೆಲ್ ಸರಿದಿತ್ತು. ಹೆಬ್ಬೆರಳು ಕುತ್ತಿಗೆಯಲ್ಲಿತ್ತು.

"ಬೀಡಿ," ಎಂದರು ನನ್ನ ಯಜಮಾನರು.

"ಥೂ, ಹಾಳಾದ್ದು. ಏನ್ ಕೆಲ್ಸ ಮಾಡ್ತಿದ್ರಿ?"

"ಮಂಡೀಲಿ. ಹರಾಜ್ ಕೂಗ್ತಿದ್ದೆ."

"ಅಯ್ಯೋ ದೇವ್ರೇ, ಕೂಗಿ ದುಡಿಯೋರಿಗೇ ಹಿಂಗಾಗ್ಬೇಕಾ! ನಮ್ಮನೇಲಿ ಸುಮ್‌ಸುಮ್ನೆ ಕೂಗೋರ್ ಒಬ್ರಿದಾರೆ, ಅವ್ರಿಗ್ ಏನೂ ಆಗ್ಲಿಲ್ಲ ನೋಡಿ."

ಇವರು ನಕ್ಕರು. ಇವರ ನಗುವಿಗೆ ಈಗ ಸದ್ದಿಲ್ಲ. ಕುತ್ತಿಗೆಯ ಬಿಳಿ ಬಟ್ಟೆ ಪಟಪಟ ಹಾರುತ್ತದೆ. ಆಕೆ ಅದನ್ನು ನೋಡಿದರು, ನೋಡಿ ಇನ್ನೂ ಜೋರಾಗಿ ನಕ್ಕರು. ನಮ್ಮ ಸ್ಟಾಪ್ ಬರುವವರೆಗೆ ಇಬ್ಬರೂ ಸೇವಂತಿಗೆಯ ಬೆಲೆ ಮಾತಾಡಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಬೆಲೆಯ ಮಾತು ನಡೆಯುವಾಗ ನಾನು ಸುಮ್ಮನೆ ಕೂತದ್ದು ಅದೇ ಮೊದಲು.

ಅಂದೇ ನಿರ್ಧಾರ ಮಾಡಿದೆ. ಆಸ್ಪತ್ರೆಗೆ ಬೇಕಾದದ್ದು ಬಸ್ಸಿನ ಆ ಮೂಲೆ.

ಮತ್ತೆ ಅಡ್ಮಿನಿಸ್ಟ್ರೇಟರ್. ಈ ಸಲ ಮುಖದ ಮೇಲೆ ಬೇಸರ ಕಾಣುತ್ತಿತ್ತು.

"ಮೇಡಂ, ನೀವ್ ಹೇಳಿದಂಗೆ ತಿರುಗಿಸಿದ್ವಿ. ಯಾರೂ ಅಲ್ಲಿ ಕೂರ್ತಿಲ್ಲ. ವಾಪಸ್ ತಿರುಗಿಸೋಕೆ ಹೇಳಿದೀನಿ."

ಆಗ ಕಣ್ಣಿಗೆ ಬಿತ್ತು. ಕಳೆದ ಸಲವೂ ಅದರ ಮೇಲೇ ಕೂತು ನೀರು ಕುಡಿದಿದ್ದೆ, ಕಂಡಿರಲಿಲ್ಲ. ಅವರ ಆಫೀಸಿನ ಸೋಫಾ. ಎರಡು ಗೋಡೆ ಕೂಡುವಲ್ಲಿ ಮೂಲೆಗೆ ಬಾಗಿಸಿ ಹಾಕಿದ್ದಾರೆ, ಮಧ್ಯೆ ಸಣ್ಣ ಟೀಪಾಯ್.

"ಸಾರ್, ಈ ಸೋಫಾನ ಯಾಕೆ ಹಿಂಗ್ ಹಾಕಿದೀರಿ?"

"ಡೋನರ್ಸ್ ಬರ್ತಾರೆ, ಗೆಸ್ಟ್ ಬರ್ತಾರೆ. ಕೂತು ಮಾತಾಡೋಕೆ..."

ಅಲ್ಲಿಗೆ ನಿಲ್ಲಿಸಿದರು. ತಾವು ಆಡಿದ ಮಾತು ಅವರಿಗೂ ಕೇಳಿಸಿತು.

"ದುಡ್ಡು ಕೊಡೋರ್ ಮಾತಾಡೋಕೆ ಮೂಲೆ ಸೋಫಾ. ಗಂಟ್ಲು ಕೊಟ್ಟೋರಿಗೆ ಬೋಲ್ಟ್ ಹಾಕಿದ್ ಕುರ್ಚಿ. ನಾನೇನ್ ಸೋಫಾ ಕೇಳ್ಲಿಲ್ಲ ಸಾರ್. ಅದೇ ಸ್ಟೀಲ್ ಕುರ್ಚಿ ಇರ್ಲಿ, ಈ ಮೂಲೆ ಕೊಡಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಫೋನ್ ಎತ್ತಿ ಮೇಂಟೆನೆನ್ಸ್‌ನವರನ್ನು ಕರೆದರು. ಕಂಬದ ಪಕ್ಕ ಎರಡು ಕುರ್ಚಿ ಸಾಲು, ಒಂದಕ್ಕೊಂದು ಮೂಲೆಯಾಗಿ. ಮೂಲೆಯ ಹತ್ತಿರದ ಎರಡು ಸೀಟಿನ ಕೈ ಕುಯ್ದು ತೆಗೆಸಿದರು. ಟೋಕನ್ ಬೋರ್ಡ್ ಓರೆಯಾಗಿ ಕಾಣುವಂತೆ ನಾನೇ ನಿಂತು ನೋಡಿ ಹೇಳಿದೆ. ನಂಬರ್ ತಪ್ಪಿಹೋಗುತ್ತದೆಂಬ ಭಯವಿದ್ದರೆ ಯಾರೂ ನೆಮ್ಮದಿಯಾಗಿ ಮಾತಾಡುವುದಿಲ್ಲ.

ಯಜಮಾನರನ್ನು ಮತ್ತೆ ಕರೆತರುವುದು ಸುಲಭವಾಗಲಿಲ್ಲ. "ಕುರ್ಚಿ ನೋಡಿ ಬರೋಣ, ಥೆರಪಿಗೆ ಹೋಗೋದ್ ಬೇಡ," ಎಂದು ಹೇಳಿ ಕರೆತಂದೆ. ಇವರು ಬಲಗಡೆಗೆ ಯಾರೂ ಕೂರಲಾಗದಂತೆ ಕಂಬ ಇರುವ ಸೀಟಿನಲ್ಲಿ ಕೂತರು. ಮೊಣಕೈ ಎತ್ತಿ ನೋಡಿದರು. ಏನೂ ತಗುಲಲಿಲ್ಲ. ಮತ್ತೊಮ್ಮೆ ಎತ್ತಿದರು. ನನ್ನ ಮುಖ ನೋಡಿ ತಲೆಯಾಡಿಸಿದರು, ಮಾಲು ಪರವಾಗಿಲ್ಲ ಎನ್ನುವ ಹಾಗೆ.

ಆ ದಿನ ಯಾರೂ ಬರಲಿಲ್ಲ. ಆದರೂ ಹೊರಡುವಾಗ ಮುಂದಿನ ವಾರದ ಥೆರಪಿಗೆ ಹೆಸರು ಬರೆಸಲು ಇವರು ಒಪ್ಪಿದರು. ಮುಂದಿನ ವಾರ ಒಬ್ಬ ಆಟೋ ಓಡಿಸುವವರು ಬಂದರು, ಖಾಕಿ ಅಂಗಿಯಲ್ಲೇ, ಹೆಂಡತಿಯ ಜೊತೆ. ಬೇರೆ ಕಡೆ ಜಾಗವಿಲ್ಲದೆ ಆ ಮೂಲೆಗೆ ಬಂದು ಕೂತರು. ಕೈಯಲ್ಲಿ ನಮ್ಮದೇ ಡಾಕ್ಟರ ಫೈಲು. ಧ್ವನಿ ಒಡೆದಿತ್ತು. ಆ ಸದ್ದು ನನಗೆ ಗೊತ್ತು. ಹೆಂಡತಿ ಅಳುತ್ತಿರಲಿಲ್ಲ, ಅಳು ಮುಗಿದ ಮುಖ. ಇಬ್ಬರೂ ನೆಲ ನೋಡುತ್ತಿದ್ದರು. ಆಮೇಲೆ ಆತನ ಕಣ್ಣು ಮೆಲ್ಲಗೆ ಇವರ ಕುತ್ತಿಗೆಯ ಬಟ್ಟೆಗೆ ಹೋಯಿತು, ಬೋರ್ಡಿಗೆ ಹೋಯಿತು, ಮತ್ತೆ ಬಟ್ಟೆಗೆ ಬಂತು. ಹಾಗೆ ಹೋಗಿ ಬರಲು ಆ ಮೂಲೆ ದಾರಿ ಕೊಟ್ಟಿತ್ತು.

"ಅಣ್ಣ, ಬೇಜಾರ್ ಮಾಡ್ಕೋಬೇಡಿ. ನಂಗೂ ಇದೇ ಆಪರೇಷನ್ ಅಂದಿದಾರೆ. ಆಮೇಲೆ... ಮಾತು ಬರುತ್ತಾ?"

ಹೆಬ್ಬೆರಳು ಕುತ್ತಿಗೆಗೆ ಹೋಯಿತು. ಒಂದು ಉಸಿರು.

"ಬರುತ್ತೆ. ಹರಾಜ್ ಕೂಗೋಕಾಗಲ್ಲ. ಬೆಲೆ ಕೇಳೋಕಾಗುತ್ತೆ."

ಆತನ ಹೆಂಡತಿ ಮುಖ ಎತ್ತಿದರು. ಆಮೇಲೆ ಪ್ರಶ್ನೆಗಳು ಬಂದವು. ಸ್ನಾನ ಹೇಗೆ, ತೂತಿಗೆ ನೀರು ಹೋದರೆ? ಅನ್ನ ನುಂಗಬಹುದಾ? ರಾತ್ರಿ ಮಲಗುವಾಗ ಬಟ್ಟೆ ಬಿಗಿಯಾದರೆ? ಯಾವ ಡಾಕ್ಟರ್ ಮುಂದೆಯೂ ಕೇಳಲಾಗದ ಪ್ರಶ್ನೆಗಳು. ಇವರು ಒಂದೊಂದಕ್ಕೂ ಹೆಬ್ಬೆರಳು ಒತ್ತಿ ಉತ್ತರ ಕೊಟ್ಟರು. ಕೊನೆಗೆ ದೀಪಾ ಹೊರಗೆ ಬಂದು, "ಅಂಕಲ್, ನಿಮ್ಮ ಟೋಕನ್ ಆಗ್ಲೇ ಕರೆದ್ರು," ಎಂದಳು. ಇವರು ಎಡಗೈ ಎತ್ತಿ ತಾಳು ಎಂದು ಸನ್ನೆ ಮಾಡಿದರು. ಮಾತು ಮುಗಿಸಿಯೇ ಒಳಗೆ ಹೋದರು.

ಆ ಆಟೋದವರ ಆಪರೇಷನ್ ಆಗಿದೆ. "ಆ" ಎನ್ನುವ ಹಂತದಲ್ಲಿದ್ದಾರೆ. ಇವರು ಈಗ ವಾರಕ್ಕೊಮ್ಮೆ ತಮ್ಮ ಥೆರಪಿ ಇಲ್ಲದಿದ್ದರೂ ಹೋಗಿ ಆ ಕಂಬದ ಪಕ್ಕ ಕೂರುತ್ತಾರೆ. ಇದಕ್ಕೆ ನಾನು ಕೈ ಮುಗಿಯುತ್ತೇನೆ; ಡಾಕ್ಟರಿಗೆ, ದೀಪಾಳಿಗೆ, ಹೆಸರೂ ಕೇಳದೆ ನಾವು ಬಸ್ಸಿನಲ್ಲೇ ಬಿಟ್ಟು ಇಳಿದ ಹೂವಿನ ಹೆಂಗಸಿಗೆ. ಹಾಗೆಂದು ಸಿಟ್ಟು ಹೋಗಿದೆ ಎಂದುಕೊಳ್ಳಬೇಡಿ. ಇಡೀ ಕಟ್ಟಡದಲ್ಲಿ ಅಂಥ ಮೂಲೆ ಇರುವುದು ಅದೊಂದೇ. ಮೇಲಿನ ಮಹಡಿಗಳಲ್ಲಿ ಇವತ್ತಿಗೂ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಕೂತು ಒಂಟಿಯಾಗಿ ಹೆದರುತ್ತಿದ್ದಾರೆ. ಮೊನ್ನೆ ಹೋದಾಗ ನಮ್ಮ ಮೂಲೆಯಲ್ಲಿ ಹೆಲ್ತ್ ಚೆಕಪ್ ಆಫರಿನ ಆಳೆತ್ತರದ ಜಾಹೀರಾತು ತಂದು ನಿಲ್ಲಿಸಿದ್ದರು. ಎತ್ತಿಕೊಂಡು ಹೋಗಿ ಅಡ್ಮಿನಿಸ್ಟ್ರೇಟರ್ ಸೋಫಾದ ಮುಂದೆ ನಿಲ್ಲಿಸಿ ಬಂದೆ.

ಇನ್ನು ನಿಮಗೆ. ಓದಿ ಪಾಪ ಎಂದು ಬಿಡಬೇಡಿ, ಕೆಲಸಕ್ಕೆ ಬರುವುದನ್ನು ಇಟ್ಟುಕೊಳ್ಳಿ.

ಧ್ವನಿ ಒಡೆದು ಮೂರು ವಾರ ದಾಟಿದರೆ ಗಂಟಲಿಗೆ ಸ್ಕೋಪ್ ಹಾಕಿಸಿ. ಕೂಗುವ ಕೆಲಸದವರಿಗೆ ಅದು ಮಾಮೂಲು ಎಂದು ಯಾರಾದರೂ ಅಂದರೆ ನನ್ನ ಕಥೆ ಹೇಳಿ.

ಆಸ್ಪತ್ರೆಗೆ ಹೋದರೆ ಖಾಲಿ ಸೀಟು ಹುಡುಕಬೇಡಿ, ಮೂಲೆ ಹುಡುಕಿ. ಕುರ್ಚಿ ಅಲುಗಾಡುವುದಾದರೆ ಓರೆಗೆ ಎಳೆದುಕೊಳ್ಳಿ, ಯಾರ ಅಪ್ಪಣೆಯೂ ಬೇಕಿಲ್ಲ. ಅಲುಗಾಡದಿದ್ದರೆ ಕೇಳಿ. ಎಲ್ಲವನ್ನೂ ಕೇಳಿ, ಒಂದಕ್ಕೆ ಒಪ್ಪಿ. ಇಲ್ಲ ಎಂದರೆ ಅವರ ಆಫೀಸಿನಲ್ಲಿ ಅವರು ಹೇಗೆ ಕೂರುತ್ತಾರೆ ನೋಡಿಕೊಂಡು ಮತ್ತೆ ಕೇಳಿ. ಮನೆಗೆ ಕಾಯಿಲೆಯವರನ್ನು ನೋಡಲು ಹೋದಾಗಲೂ ಮಂಚದ ಎದುರಿಗೆ ಕುರ್ಚಿ ಹಾಕಿಕೊಂಡು ಸಾಕ್ಷಿ ಕೇಳುವವರ ಹಾಗೆ ಕೂರಬೇಡಿ. ಪಕ್ಕಕ್ಕೆ, ಸ್ವಲ್ಪ ಓರೆಗೆ, ಕಿಟಕಿ ಇಬ್ಬರಿಗೂ ಕಾಣುವಂತೆ ಕೂರಿ.

ಮತ್ತೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದವರು ಎಲ್ಲಾದರೂ ಸಿಕ್ಕರೆ, ಬಸ್ಸಿನಲ್ಲೋ ಬ್ಯಾಂಕಿನಲ್ಲೋ, ಪಕ್ಕದ ಸೀಟು ಬಿಟ್ಟು ದೂರ ಹೋಗಬೇಡಿ. ಅವರ ಮೊಣಕೈಗೆ ಜಾಗ ಬಿಟ್ಟು, ಮುಖ ಕಾಣುವ ಕಡೆ ಕೂತುಕೊಳ್ಳಿ. ಒಂದು ಪ್ರಶ್ನೆ ಕೇಳಿ. ಬಸ್ ಎಲ್ಲಿಗೆ ಹೋಗುತ್ತೆ ಎಂದಾದರೂ ಕೇಳಿ. ಕೇಳಿ ಕಾಯಿರಿ. ಹೆಬ್ಬೆರಳು ಕುತ್ತಿಗೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.